ಮಿರಗದಿಂದ ಹಸ್ತದವರೆಗೆ: ಮಳೆಗಾಲದಲ್ಲಿ ನಾಯಿಯನ್ನು ಒಣಗಿಸಿ ಇಡುವ ಬಗೆ

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಹಂಚಿನ ಮನೆ, ಮುಂದೆ ಕಲ್ಲಿನ ಕಟ್ಟೆ, ಪಡಸಾಲೆಯಲ್ಲಿ ನನ್ನ ಹೊಲಿಗೆ ಮಷಿನ್. ಇಪ್ಪತ್ತು ವರ್ಷದಿಂದ ಜಂಪರು, ಲಂಗ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಐದು ವರ್ಷದ ಹಿಂದೆ ಮಿರಗದ, ಅಂದರೆ ಮೃಗಶಿರ ನಕ್ಷತ್ರದ, ಮೊದಲ ಮಳೆಯ ದಿನ ಒಂದು ಹೆಣ್ಣು ನಾಯಿಮರಿ ಬಂದು ಕಟ್ಟೆಯ ಮೂಲೆಯಲ್ಲಿ ಕೂತಿತು. ಮಳೆ ನಿಂತ ಮೇಲೂ ಹೋಗಲಿಲ್ಲ. ಉದ್ದ ಕಾಲು, ಒಳಕ್ಕೆ ಹೋದ ಹೊಟ್ಟೆ, ಓಡಿದರೆ ಥೇಟ್ ಚಿಗರಿ. ಮಗ ಅದೇ ಹೆಸರಿಟ್ಟ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್ಸಿಗೂ ಚಿಗರಿ ಅಂತಲೇ ಹೆಸರು. ಹಾಗಾಗಿ ಓಣಿಯ ಹುಡುಗರು ಅವಳನ್ನು ಕಂಡರೆ "ಜುಬಿಲಿ ಸರ್ಕಲ್‌ಗೆ ಹೋಗತೈತೇನ್ರಿ ಅಕ್ಕಾರ?" ಅಂತ ಕೇಳುತ್ತಾರೆ.

ನಾಯಿ ಸಾಕುವ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಧಾರವಾಡ ಇರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗದಲ್ಲಿ. ಇಲ್ಲಿ ಧೋ ಅಂತ ಸುರಿದು ನಿಲ್ಲುವ ಮಳೆ ಕಡಿಮೆ, ದಿನವಿಡೀ ಜಿಟಿಜಿಟಿ ಜಾಸ್ತಿ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಾಗಿದ್ದ ಮೇಲೆ ನಾಯಿ ಹೇಗೆ ಒಣಗುತ್ತದೆ? ಚಿಗರಿಗೆ ಮಳೆಗಾಲದಲ್ಲಿ ಬಂದ ಹೆಚ್ಚಿನ ತೊಂದರೆಗಳು ತೇವದಿಂದಲೇ ಬಂದವು. ಬೆರಳ ಸಂದಿಯಲ್ಲಿ ಹುಣ್ಣು, ಕಿವಿಯಲ್ಲಿ ವಾಸನೆ, ಕೊರಳಲ್ಲಿ ಕೂದಲು ಉದುರಿದ್ದು, ಎಲ್ಲ. ಅದಕ್ಕೇ ಇಲ್ಲಿ ಹೇಳುವುದೆಲ್ಲ ಕೊನೆಗೆ ಒಣಗಿಸುವ ಮಾತಿಗೇ ಬರುತ್ತದೆ.

ಮಿರಗಕ್ಕೆ ಮೊದಲು

ಮೃಗಶಿರ ಮಳೆ ಹೂಡುವುದು ಜೂನ್ 7 ಅಥವಾ 8ಕ್ಕೆ. ಮೇ ಕೊನೆಯ ವಾರದಲ್ಲೇ ಇಷ್ಟು ಮುಗಿಸಿಬಿಡಿ. ಮೊದಲು ಲಸಿಕೆಯ ಚೀಟಿ ತೆಗೆದು ನೋಡಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಇಲಿಜ್ವರದ್ದು ಬಹಳ ಜನರಿಗೆ ಗೊತ್ತಿಲ್ಲ. ಇಲಿಯ ಉಚ್ಚೆ ಮಳೆನೀರಿಗೆ ಸೇರುತ್ತದೆ. ಆ ನೀರು ಕುಡಿದರೂ ಸರಿ, ಗಾಯದ ಕಾಲಿಟ್ಟು ತುಳಿದರೂ ಸರಿ, ನಾಯಿಗೆ ರೋಗ ಬರಬಹುದು. ಅದರಿಂದ ಮನುಷ್ಯರಿಗೂ ಹತ್ತುತ್ತದೆ. ಒಂದೇ ಇಂಜೆಕ್ಷನ್ನಿನಲ್ಲಿ ಹಲವು ರೋಗಗಳಿಗೆ ಹಾಕುವ ಲಸಿಕೆ ಇರುತ್ತದಲ್ಲ, ಅದರಲ್ಲಿ ಇಲಿಜ್ವರದ್ದು ಸೇರಿದೆಯಾ ಅಂತ ಡಾಕ್ಟರನ್ನು ಕೇಳಿ ಹಾಕಿಸಿ. ಜಂತಿನ ಮಾತ್ರೆಯನ್ನೂ ಆಗಲೇ ಕೊಟ್ಟುಬಿಡಿ.

ಕೊರಳಿಗೆ ಚರ್ಮದ ಪಟ್ಟಿ ಇದ್ದರೆ ಮಳೆಗಾಲ ಮುಗಿಯುವವರೆಗೆ ಬಿಚ್ಚಿಡಿ. ಚರ್ಮ ನೀರು ಕುಡಿದರೆ ಎರಡು ದಿನ ಹಸಿಯಾಗಿಯೇ ಇರುತ್ತದೆ. ಚಿಗರಿಯ ಕೊರಳಲ್ಲಿ ಕೂದಲು ಉದುರಿ ಕೆಂಪಗಾಗಿದ್ದು ಅದರಿಂದಲೇ. ಈಗ ನಾನು ಒಂದಿಂಚಿನ ನೈಲಾನ್ ಪಟ್ಟಿಯಲ್ಲಿ ಎರಡು ಹೊಲಿದು ಇಟ್ಟಿದ್ದೇನೆ. ಒಂದು ಒದ್ದೆಯಾದರೆ ಇನ್ನೊಂದು. ರಾತ್ರಿ ಮಲಗುವಾಗ ಎರಡೂ ಬೇಡ.

ಒರೆಸುವ ಬಟ್ಟೆ, ಒರೆಸುವ ಕ್ರಮ

ಬಟ್ಟೆ ನೂಲಿನದೇ ಇರಬೇಕು. ಟೆರಿಕಾಟ್, ಪಾಲಿಯೆಸ್ಟರ್ ನೀರನ್ನು ಅತ್ತಿಂದಿತ್ತ ತಳ್ಳುತ್ತವೆಯೇ ಹೊರತು ಹೀರುವುದಿಲ್ಲ. ಹೊಸ ಟವೆಲ್‌ಗಿಂತ ಹತ್ತು ವರ್ಷ ಒಗೆದ ಹಳೆ ಧೋತರ ಚೆನ್ನಾಗಿ ಹೀರುತ್ತದೆ, ಬೇಗ ಒಣಗುತ್ತದೆ ಕೂಡ. ನಮ್ಮ ಮಾವನವರ ಎರಡು ಧೋತರಗಳನ್ನು ಒಂದೊಂದು ಮೀಟರಿಗೆ ಕತ್ತರಿಸಿ ಎಂಟು ತುಂಡು ಮಾಡಿದ್ದೇನೆ. ದಿನಕ್ಕೆ ಎರಡು ಹಿಡಿಯುತ್ತದೆ. ಎಂಟು ಇದ್ದರೆ ಒಣಗಲಿಕ್ಕೆ ಪುರಸೊತ್ತು ಸಿಗುತ್ತದೆ.

ಹೊರಗಿಂದ ಬಂದ ಕೂಡಲೇ ಒಳಗೆ ಬಿಡಬೇಡಿ. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ನಿಲ್ಲಿಸಿ. ಮೈ ಕೊಡವಲಿ. ಒಂದು ಸಲ ತಲೆಯಿಂದ ಬಾಲದವರೆಗೆ ಕೊಡವಿದರೆ ಮೈಮೇಲಿನ ಬಹಳಷ್ಟು ನೀರು ಅಲ್ಲೇ ಹಾರಿಹೋಗುತ್ತದೆ. ನಾನು ಚಿಗರಿಗೆ "ಕೊಡವು" ಅಂತ ಕಲಿಸಿದ್ದೇನೆ. ಕಲಿಸುವುದೇನೂ ಕಷ್ಟವಲ್ಲ. ಅವಳಾಗಿಯೇ ಕೊಡವುವಾಗ ಪ್ರತಿ ಸಲ ಆ ಮಾತು ಹೇಳಿ, ಮುಗಿದ ಕೂಡಲೇ ಒಂದು ಚೂರು ರೊಟ್ಟಿ ಕೊಡುತ್ತಿದ್ದೆ. ಹದಿನೈದು ದಿನದಲ್ಲಿ ಹೇಳಿದರೆ ಕೊಡವುವಂತಾದಳು.

ಆಮೇಲೆ ಬೆನ್ನು. ತಿಕ್ಕಬೇಡಿ, ಬಟ್ಟೆ ಹೊದಿಸಿ ಅಂಗೈಯಿಂದ ಒತ್ತಿ. ರೇಷ್ಮೆಗೆ ಇಸ್ತ್ರಿ ಮಾಡುವಾಗ ಎಳೆಯದೆ ಒತ್ತುತ್ತೇವಲ್ಲ, ಹಾಗೆ. ಮೊದಲ ವರ್ಷ ನಾನು ಗಸಗಸ ತಿಕ್ಕಿ ಅವಳ ಕಂಕುಳಲ್ಲಿ ಚರ್ಮ ಕಿತ್ತು ಬಂದಿತ್ತು. ಬೆನ್ನು ಆದಮೇಲೆ ಎದೆ, ಹೊಟ್ಟೆ, ತೊಡೆಸಂದಿ. ನಂತರ ಕಿವಿ. ಕಿವಿಯನ್ನು ಮೇಲೆತ್ತಿ, ಬೆರಳಿಗೆ ಬಟ್ಟೆ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಕಡ್ಡಿ, ಹತ್ತಿ ಒಳಗೆ ಹಾಕಬೇಡಿ. ಜೋತುಬಿದ್ದ ಕಿವಿಯ ನಾಯಿಗಳಿಗೆ ಇದು ಇನ್ನೂ ಮುಖ್ಯ. ಗಾಳಿ ಆಡದ ಕಡೆ ತೇವ ನಿಂತರೆ ಬೂಷ್ಟು ಬೆಳೆಯುತ್ತದೆ. ನಾಯಿ ಪದೇಪದೇ ತಲೆ ಒದರುತ್ತಿದ್ದರೆ, ಕಿವಿಯಿಂದ ಹುಳಿ ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಕಾಲು, ಅದಕ್ಕೆ ಬೇರೆ ಬಟ್ಟೆ. ಇದನ್ನು ಕೂತು ಮಾಡಬೇಕು. ಚಿಗರಿಯ ಮುಂಗಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅಂಗಾಲಿನ ಮೆತ್ತೆ ಕಪ್ಪಗೆ, ಸೀಳಿದ ಎರೆ ಹೊಲದ ಹಾಗೆ ಸಣ್ಣ ಸಣ್ಣ ಗೆರೆ. ಮೆತ್ತೆಯ ನಡುವೆ ಹೆಬ್ಬೆರಳು ಒತ್ತಿದರೆ ಬೆರಳುಗಳು ಹೂವಿನಂತೆ ಬಿಚ್ಚಿಕೊಳ್ಳುತ್ತವೆ. ಆಗ ಸಂದಿಯಲ್ಲಿ ತೆಳ್ಳಗಿನ ಗುಲಾಬಿ ಚರ್ಮ ಕಾಣುತ್ತದೆ. ಮಣ್ಣು, ಹುಲ್ಲಿನ ಮುಳ್ಳು, ಉಣ್ಣಿ ಎಲ್ಲ ಅಡಗುವುದು ಅಲ್ಲೇ. ಒಂದೊಂದೇ ಸಂದಿಗೆ ಬಟ್ಟೆಯ ಅಂಚು ಹಾಕಿ ಎಳೆಯುತ್ತೇನೆ. ನಾಲ್ಕೂ ಕಾಲಿಗೆ ಸೇರಿ ಐದು ನಿಮಿಷ. ಮೂರನೇ ಕಾಲಿಗೆ ಬರುವಷ್ಟರಲ್ಲಿ ಅವಳ ತಲೆ ನನ್ನ ಭುಜದ ಮೇಲೆ ಒರಗಿರುತ್ತದೆ. ದಿನದಲ್ಲಿ ನಮ್ಮಿಬ್ಬರಿಗೂ ಇಷ್ಟವಾದ ಹೊತ್ತು ಅದು.

ಮಾಳಮಡ್ಡಿಯ ಕೆಂಪು ಮಣ್ಣು ಒರೆಸಿದರೆ ಹೋಗುತ್ತದೆ. ನನ್ನ ತವರು ಅಣ್ಣಿಗೇರಿ, ಅಲ್ಲಿಯದು ಎರೆ ಮಣ್ಣು. ಬೆರಳ ಸಂದಿಯಲ್ಲಿ ಸೇರಿ ಒಣಗಿದರೆ ಕಲ್ಲಿನ ಹಾಗೆ ಗಟ್ಟಿ. ಎಳೆದರೆ ಕೂದಲು, ಚರ್ಮ ಎರಡೂ ಬರುತ್ತವೆ. ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕಾಲಿಡಿಸಿ ಎರಡು ನಿಮಿಷ ನೆನೆಸಿ, ತಾನಾಗಿ ಬಿಡುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವವರೆಗೆ ನಾಯಿಯನ್ನು ಅಲ್ಲಿ ಓಡಾಡಲು ಬಿಡಬೇಡಿ. ಆ ಕಾಲನ್ನೇ ಅದು ನೆಕ್ಕುತ್ತದೆ.

ಮಾಳಮಡ್ಡಿಯ ಕೆಂಪು ಮಣ್ಣಿನಿಂದ ಒಂದು ಸಲ ನನ್ನ ಎದೆ ಧಸಕ್ಕಂದಿತ್ತು. ಒಬ್ಬರ ಮದುವೆಯ ಜಂಪರಿನ ಬಟ್ಟೆ, ಕೆನೆಬಣ್ಣದ ರೇಷ್ಮೆ. ನೆಲದ ಮೇಲೆ ಹಾಸಿ ಗುರುತು ಹಾಕುತ್ತಿದ್ದೆ. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಚಿಗರಿ ನೇರ ಬಂದು ಅದರ ಮೇಲೆ ನಿಂತಳು. ಮೂರು ಕೆಂಪು ಹೆಜ್ಜೆ. ಗಾಬರಿಯಲ್ಲಿ ನಾನು ಒಂದು ಹೆಜ್ಜೆಯನ್ನು ಹಸಿ ಬಟ್ಟೆಯಿಂದ ಒರೆಸಿಬಿಟ್ಟೆ. ಅದು ಅಂಗೈಯಗಲ ಹರಡಿತು. ಉಳಿದೆರಡನ್ನು ಮುಟ್ಟದೆ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಮೆತ್ತಗಿನ ಬ್ರಷ್‌ನಿಂದ ಉದುರಿಸಿದೆ. ಗುರುತೇ ಉಳಿಯಲಿಲ್ಲ. ಹರಡಿದ ಕಲೆಯನ್ನು ತೋಳಿನ ಒಳಮಡಿಕೆಗೆ ಬರುವಂತೆ ಕತ್ತರಿಸಿದೆ, ಬಟ್ಟೆ ಕೊಟ್ಟವರಿಗೂ ಹೇಳಿದೆ. ಮಣ್ಣಿನ ಕಲೆಗೆ ಮೊದಲು ನೀರು ಹಾಕಬೇಡಿ. ಒಣಗಿಸಿ, ಉದುರಿಸಿ, ಆಮೇಲೆ ಸಾಬೂನು.

ಒದ್ದೆ ನಾಯಿಯ ವಾಸನೆ ಬಗ್ಗೆಯೂ ಕೇಳುತ್ತಾರೆ. ನಾಯಿಯ ಚರ್ಮದ ಮೇಲೆ ಸಣ್ಣ ಜೀವಾಣುಗಳು ಯಾವಾಗಲೂ ಇರುತ್ತವೆ. ಅವುಗಳಿಂದ ಬರುವ ವಾಸನೆಯನ್ನು ಆರುವ ನೀರು ಗಾಳಿಗೆ ಎತ್ತಿ ತರುತ್ತದೆ. ಅದಕ್ಕೆಂದು ಪದೇಪದೇ ಸ್ನಾನ ಮಾಡಿಸಿದರೆ ಮತ್ತೆ ಒದ್ದೆಯೇ ಆಗುತ್ತದಲ್ಲ? ಮಳೆಗಾಲದಲ್ಲಿ ತಿಂಗಳಿಗೊಂದು ಸ್ನಾನ ಸಾಕು, ಅದೂ ಬಿಸಿಲು ಬಿದ್ದ ದಿನ. ನಮ್ಮ ಸಾಬೂನು, ಶಾಂಪೂ ಬೇಡ, ನಾಯಿಯ ಚರ್ಮಕ್ಕೆ ಅವು ಹೊಂದುವುದಿಲ್ಲ.

ಹಳೆ ಛತ್ರಿಯಿಂದ ರೇನ್‌ಕೋಟು

ಅಂಗಡಿಯಲ್ಲಿ ಸಿಗುವ ರೇನ್‌ಕೋಟು ಒಂದು ತಂದಿದ್ದೆ. ಕಂಕುಳಲ್ಲಿ ಇಲಾಸ್ಟಿಕ್ ತಿಕ್ಕುತ್ತಿತ್ತು, ಹೊಟ್ಟೆ ಪೂರ್ತಿ ಮುಚ್ಚಿ ಒಳಗೆ ಬೆವೆತಂತಾಗುತ್ತಿತ್ತು. ಆರಿದ್ರಾ ಮಳೆಯಲ್ಲಿ ಕೂತು ನಾನೇ ಹೊಲಿದೆ. ಅತ್ತೆ ಬಾಗಿಲಲ್ಲಿ ನಿಂತು "ನಾಯಿಗೆ ಅಂಗಿ ಹೊಲೀತಿ ಏನವಾ?" ಅಂದರು. ಹೌದು ಅಂದೆ. ಅವರೇ ಮುರಿದ ಛತ್ರಿ ತಂದುಕೊಟ್ಟರು.

ದೊಡ್ಡ ಕರಿ ಛತ್ರಿ ಬೇಕು, ಎಂಟು ಕಡ್ಡಿಯದು. ಬಟ್ಟೆಯನ್ನು ಕಡ್ಡಿಯಿಂದ ಬಿಚ್ಚಿದರೆ ಎಂಟು ತ್ರಿಕೋನ ಒಂದಕ್ಕೊಂದು ಜೋಡಿಸಿದ ಚಕ್ರ. ಅದರಲ್ಲಿ ಮೂರು ತ್ರಿಕೋನ ಒಟ್ಟಿಗೇ ಬರುವಂತೆ ಬಿಡಿಸಿಕೊಳ್ಳಿ. ಮೂರೇ ಯಾಕೆ ಅಂದ್ರೆ, ನಡುವಿನ ತ್ರಿಕೋನ ಬೆನ್ನುಹುರಿಯ ಮೇಲೆ ಕೂರುತ್ತದೆ, ಎರಡು ಹೊಲಿಗೆಗಳು ಪಕ್ಕೆಗೆ ಬರುತ್ತವೆ. ಎರಡೇ ತೆಗೆದುಕೊಂಡರೆ ಹೊಲಿಗೆ ಸರಿಯಾಗಿ ಬೆನ್ನಿನ ಮೇಲೆ ಬಂದು ಅಲ್ಲಿಂದಲೇ ನೀರು ಇಳಿಯುತ್ತದೆ.

ಅಳತೆ ಮೂರು. ಕೊರಳ ಸುತ್ತಳತೆ, ಕೊರಳಿಂದ ಬಾಲದ ಬುಡದವರೆಗೆ ಉದ್ದ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ. ನಾಯಿ ನಿಂತಿರುವಾಗಲೇ ತೆಗೆಯಿರಿ. ಚಿಗರಿಯದು 15, 22, 26 ಇಂಚು. ತ್ರಿಕೋನದ ಚೂಪು ತುದಿಯಿಂದ ಆರು ಇಂಚು ಬಿಟ್ಟು ಕಮಾನಾಗಿ ಕತ್ತರಿಸಿದೆ, ಅದು ಕೊರಳಾಯಿತು. ಕೆಳಗಿನ ಅಗಲ ವಿಪರೀತ ಇರುತ್ತದೆ, ಅದನ್ನು ಪಕ್ಕೆಯ ಅರ್ಧಕ್ಕೆ ಬರುವಂತೆ ಇಳಿಸಿ. ಹೊಟ್ಟೆ ತೆರೆದೇ ಇರಲಿ. ಉದ್ದದಲ್ಲಿ ಬಾಲದ ಬುಡಕ್ಕಿಂತ ಮೂರು ಇಂಚು ಕಡಿಮೆ ಇಡಿ. ನಾನು ಮೊದಲ ಸಲ ಬಾಲದವರೆಗೆ ಬಿಟ್ಟಿದ್ದೆ. ಹಿಂದೆ ಬಟ್ಟೆ ತಾಗುತ್ತಿದ್ದುದರಿಂದ ಚಿಗರಿ ಅದನ್ನು ಹಾಕಿಕೊಂಡು ಉಚ್ಚೆಗೆ ಕೂರಲೇ ಇಲ್ಲ, ತಡೆದುಕೊಂಡು ಮನೆಗೆ ಬಂದಳು.

ಮೊದಲು ಹಳೆ ಚಾದರದಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಆಮೇಲೆ ಛತ್ರಿ ಬಟ್ಟೆ ಕತ್ತರಿಸಿ. ಸಣ್ಣ ಸೂಜಿ, ಉದ್ದ ಟಾಕಿ. ಟಾಕಿ ಒತ್ತೊತ್ತಾದಷ್ಟೂ ತೂತು ಜಾಸ್ತಿ. ಹೊಲಿಗೆಯ ಮೇಲೆ ಒಳಗಿನಿಂದ ಮೇಣದಬತ್ತಿ ಚೆನ್ನಾಗಿ ಉಜ್ಜಿದರೆ ತೂತು ಮುಚ್ಚುತ್ತದೆ. ಹೊಟ್ಟೆಯ ಕೆಳಗೆ ಎರಡಿಂಚಿನ ಅಗಲ ಇಲಾಸ್ಟಿಕ್, ಮುಂಗಾಲಿನಿಂದ ಎರಡು ಬೆರಳು ಹಿಂದಕ್ಕೆ. ಹಾಕಿದ ಮೇಲೆ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ವೆಲ್ಕ್ರೋ ಬೇಡ, ಕೂದಲು ಸಿಕ್ಕಿಕೊಂಡು ಒಂದೇ ತಿಂಗಳಲ್ಲಿ ಹಿಡಿಯುವುದನ್ನು ಬಿಡುತ್ತದೆ. ಟಿಚ್ ಬಟನ್ ಹಾಕಿ. ಪಟ್ಟಿಯ ಹಗ್ಗ ಹೊರಬರಲು ಕತ್ತಿನ ಹಿಂದೆ ಒಂದು ದೊಡ್ಡ ಕಾಜ ಮಾಡಿ.

ತೊಡಿಸಿದ ದಿನವೇ ಮಳೆಗೆ ಕರೆದೊಯ್ಯಬೇಡಿ. ಮನೆಯೊಳಗೆ ದಿನಕ್ಕೆ ಹತ್ತು ನಿಮಿಷ ಹಾಕಿ, ಆಗ ಊಟ ಕೊಡಿ. ನಾಲ್ಕೈದು ದಿನಕ್ಕೆ ರೇನ್‌ಕೋಟು ಕಂಡರೆ ಬಾಲ ಆಡಿಸುತ್ತದೆ.

ಮಳೆಯಲ್ಲಿ ಹೊರಗೆ ಹೋಗಲು ಒಲ್ಲೆ ಅಂದರೆ

ಬಹಳ ನಾಯಿಗಳು ಮಳೆ ಕಂಡರೆ ಬಾಗಿಲಲ್ಲೇ ನಿಂತುಬಿಡುತ್ತವೆ. ಚಿಗರಿ ಒಂದು ಪುಷ್ಯ ಮಳೆಯಲ್ಲಿ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ಉಚ್ಚೆ ತಡೆದಿದ್ದಳು. ದೂಡಬೇಡಿ, ಬೈಯಬೇಡಿ. ಹಿತ್ತಲಲ್ಲಿ ಪತ್ರಾಸ್ ಕೆಳಗೆ ಮೂರಡಿ ಜಾಗ ಒಣಗಿದ್ದರೆ ಸಾಕು. ಅಲ್ಲಿ ಎರಡು ಬುಟ್ಟಿ ಮಣ್ಣು ಹಾಕಿ, ಅವಳು ಮೊದಲು ಹೋಗುತ್ತಿದ್ದ ಜಾಗದ ಒಂದು ಹಿಡಿ ಮಣ್ಣನ್ನು ಮೇಲೆ ಉದುರಿಸಿ. ವಾಸನೆ ಹಿಡಿದು ಅಲ್ಲೇ ಕೂರುತ್ತದೆ.

ಮಳೆ ಬಿಟ್ಟ ಅರ್ಧ ಗಂಟೆ ಸಿಕ್ಕರೆ ಕೈಯಲ್ಲಿದ್ದ ಜಂಪರು ಬಿಟ್ಟು ಎದ್ದುಬಿಡುತ್ತೇನೆ. ಸಾಧನಕೇರಿ ಕಡೆ ಹೋಗುತ್ತೇವೆ, ಭಾನುವಾರವಾದರೆ ಮಗನ ಗಾಡಿಯಲ್ಲಿ ಕೆಲಗೇರಿ ಕೆರೆಯವರೆಗೆ. ನೀರಿನ ಮೇಲೆ ಮಂಜು, ದಂಡೆಯಲ್ಲಿ ಬೆಳ್ಳಕ್ಕಿ. ಚಿಗರಿ ಒಂದು ಕಲ್ಲನ್ನೇ ಮೂರು ನಿಮಿಷ ಮೂಸುತ್ತಾಳೆ. ನಾನು ಹಗ್ಗ ಸಡಿಲ ಬಿಟ್ಟು ನಿಲ್ಲುತ್ತೇನೆ. ಹಸಿ ನೆಲದಲ್ಲಿ ವಾಸನೆ ಜಾಸ್ತಿ, ಮೂಸುವುದರಲ್ಲೇ ಅವಳ ತಲೆಗೆ ಕೆಲಸ ಸಿಗುತ್ತದೆ. ಎರಡು ಕಿಲೋಮೀಟರ್ ನಡೆಸುವುದಕ್ಕಿಂತ ಹೀಗೆ ಹದಿನೈದು ನಿಮಿಷ ಬಿಟ್ಟರೆ ಮನೆಗೆ ಬಂದು ಸುಮ್ನೆ ಮಲಗುತ್ತಾಳೆ.

ಹೊರಗೆ ಹೋಗಲಾಗದ ದಿನ ತುಂಡು ಬಟ್ಟೆಯ ಡಬ್ಬಿಯಲ್ಲಿ ಕಟಕ ರೊಟ್ಟಿಯ ಚೂರು ಅಡಗಿಸಿ ಹುಡುಕಲು ಬಿಡುತ್ತೇನೆ. ಆದರೆ ಆ ಡಬ್ಬಿಯಲ್ಲಿ ದಾರ, ಗುಂಡಿ, ಸೂಜಿ ಒಂದೂ ಇರಬಾರದು. ನುಂಗಿದ ದಾರ ಕರುಳನ್ನು ನೆರಿಗೆಯ ಹಾಗೆ ಎಳೆದು ಕೊಯ್ಯುತ್ತದೆ. ಹೊಲಿಗೆಯವರ ಮನೆಯಲ್ಲಿ ನಾಯಿ ಇದ್ದರೆ ಬಿದ್ದ ಸೂಜಿ ಹಿಡಿಯಲು ದಿನಕ್ಕೆ ಎರಡು ಸಲ ನೆಲದ ಮೇಲೆ ಅಯಸ್ಕಾಂತ ಎಳೆಯಲೇಬೇಕು.

ಗೋವಿನಜೋಳದ ದಿಂಡು, ಉಂಡಿ, ಕಪ್ಪೆ

ಜಿಟಿಜಿಟಿ ಮಳೆಯಲ್ಲಿ ಕೆಂಡದ ಮೇಲೆ ಸುಟ್ಟ ಗೋವಿನಜೋಳ ತಿನ್ನುವ ಸುಖ ನಮಗೆ. ಕಾಳು ತಿಂದು ಎಸೆದ ದಿಂಡು ಮಾತ್ರ ನಾಯಿಗೆ ಬಹಳ ಅಪಾಯ. ಅದು ಕರಗುವುದಿಲ್ಲ, ಕರುಳಲ್ಲಿ ಬಿರಡೆಯ ಹಾಗೆ ಕೂರುತ್ತದೆ. ಎರಡು ವರ್ಷದ ಹಿಂದೆ ಚಿಗರಿ ರಸ್ತೆಬದಿಯಲ್ಲಿ ಒಂದು ಕಚ್ಚಿಕೊಂಡಳು. ನಾನು ಕೂಗಿ ಬಾಯಿಗೆ ಕೈಹಾಕಿದೆ. ಕಸಿದುಕೊಳ್ಳುತ್ತಾರೆ ಅಂತ ಅವಳು ಗಬಕ್ಕನೆ ನುಂಗಿಬಿಟ್ಟಳು. ಸ್ಕ್ಯಾನ್ ಮಾಡಿಸಿ, ಡಾಕ್ಟರ್ ಹೇಳಿದಂತೆ ಗಂಟೆಗಂಟೆಗೂ ನೋಡುತ್ತಾ ಎರಡು ರಾತ್ರಿ ಕಳೆದೆವು. ಮೂರನೇ ದಿನ ಬೆಳಿಗ್ಗೆ ಹೆಬ್ಬೆರಳಿನಷ್ಟು ದಿಂಡು ವಾಂತಿಯಲ್ಲಿ ಬಿತ್ತು. ಅವತ್ತು ಅತ್ತೆ ಮಾರುತಿಗೆ ಕಾಯಿ ಒಡೆಸಿದರು.

ಅದಾದ ಮೇಲೆ "ಬಿಡು" ಕಲಿಸಿದೆ. ಒಂದು ಕೈಯಲ್ಲಿ ಒಣ ರೊಟ್ಟಿ ಕಚ್ಚಲು ಕೊಡಿ, ಕೈ ಬಿಡಬೇಡಿ. ಇನ್ನೊಂದು ಕೈಯಲ್ಲಿ ಬೇಯಿಸಿದ ತತ್ತಿಯ ಚೂರು ಮೂಗಿನ ಹತ್ತಿರ ತನ್ನಿ. ರೊಟ್ಟಿ ಬಿಟ್ಟ ಕ್ಷಣ "ಬಿಡು" ಅನ್ನಿ, ತತ್ತಿ ಕೊಡಿ, ಆಮೇಲೆ ರೊಟ್ಟಿಯನ್ನೂ ವಾಪಸ್ ಕೊಡಿ. ಈ ಕೊನೆಯದನ್ನು ಮರೆಯಬೇಡಿ. ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ ಅಂತ ನಾಯಿಗೆ ಗೊತ್ತಾಗಬೇಕು. ದಿನಕ್ಕೆ ಐದಾರು ಸಲ, ಒಂದು ತಿಂಗಳು. ಈಗ ನನ್ನ ಸೊಂಟದ ಚೀಲದಲ್ಲಿ ತತ್ತಿಯ ಚೂರು ಇಲ್ಲದೆ ಹೊರಗೆ ಹೊರಡುವುದಿಲ್ಲ.

ನಾಗರ ಪಂಚಮಿಗೆ ಮನೆತುಂಬ ಉಂಡಿ ಇರುತ್ತವೆ. ಶೇಂಗಾ ಉಂಡಿ ಚೂರು ತಿಂದರೆ ಏನಾಗುವುದಿಲ್ಲ. ರವೆ ಉಂಡಿಯಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಹಸಿಯಿರಲಿ ಒಣಗಿರಲಿ, ನಾಯಿಯ ಮೂತ್ರಪಿಂಡ ಕೆಡಿಸಬಹುದು. ಎಷ್ಟು ತಿಂದರೆ ಅಪಾಯ ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ. ತಿಂದಿದೆ ಅಂತ ಗೊತ್ತಾದರೆ ಕಾಯದೆ ಡಾಕ್ಟರಿಗೆ ತೋರಿಸಿ. ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಬೇಡ. ಅದರಿಂದ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ಗಿರ್ಮಿಟ್ ತಿನ್ನುವಾಗ ಎಷ್ಟು ಆಸೆಯಿಂದ ನೋಡಿದರೂ ಕೊಡಬೇಡಿ.

ಮೈತುಂಬ ಗಂಟಿರುವ ಕಪ್ಪೆಯನ್ನು ನಾಯಿ ಬಾಯಲ್ಲಿ ಹಿಡಿದರೆ ನೊರೆ ಸುರಿಯುತ್ತದೆ. ತಲೆ ಕೆಳಮುಖ ಮಾಡಿ ಬಾಯಿಯ ಪಕ್ಕದಿಂದ ನೀರು ಹರಿಸಿ, ನೀರು ಗಂಟಲಿಗೆ ಹೋಗಬಾರದು. ಒಸಡನ್ನು ಹಸಿ ಬಟ್ಟೆಯಿಂದ ಒರೆಸಿ. ತೂರಾಡಿದರೆ, ನಡುಗಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಉಣ್ಣಿ

ಆಗಸ್ಟಿನ ಆಶ್ಲೇಷಾ, ಮಘಾ ಮಳೆಯ ಹೊತ್ತಿಗೆ ಹುಲ್ಲು ಮೊಳಕಾಲೆತ್ತರ ಬೆಳೆದಿರುತ್ತದೆ. ರಾತ್ರಿ ಊಟವಾದ ಮೇಲೆ ಬೆರಳಿನಿಂದ ಹುಡುಕಿ: ಕಿವಿಯ ಒಳಗೆ, ಪಟ್ಟಿಯ ಕೆಳಗೆ, ಬೆರಳ ಸಂದಿ, ಬಾಲದ ಬುಡ, ತೊಡೆಸಂದಿ. ಸಿಕ್ಕರೆ ಚಿಮಟಾದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ. ತಿರುಚಬೇಡಿ. ಸೀಮೆಎಣ್ಣೆ ಹಾಕುವುದು, ಕಡ್ಡಿ ಗೀರಿ ಸುಡುವುದು ಬೇಡವೇ ಬೇಡ. ಬೆರಳಲ್ಲಿ ಹಿಸುಕಬೇಡಿ, ಸ್ಪಿರಿಟ್ ಇರುವ ಶೀಶೆಗೆ ಹಾಕಿ. ಉಣ್ಣಿಗೆ ಬೆನ್ನಿನ ಮೇಲೆ ಹಾಕುವ ಔಷಧಿ, ಮಾತ್ರೆ ಎರಡೂ ಸಿಗುತ್ತವೆ. ತೂಕ ನೋಡಿ ಡಾಕ್ಟರ್ ಕೊಟ್ಟಿದ್ದನ್ನೇ ಬಳಸಿ.

ಉಣ್ಣಿ ಜ್ವರ ಸದ್ದಿಲ್ಲದೆ ಬರುತ್ತದೆ. ಚಿಗರಿ ಮೊದಲ ವರ್ಷ ರೊಟ್ಟಿ ಮೂಸಿ ಹಾಗೇ ಬಿಟ್ಟಳು. ಮಳೆಗೆ ಬೇಸರ ಇರಬೇಕು ಅಂತ ನಾನು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನದ ಬಗ್ಗೆ ಇವತ್ತಿಗೂ ನನಗೆ ಸಂಕಟ. ತುಟಿ ಎತ್ತಿ ನೋಡಿದಾಗ ಒಸಡು ಸುಣ್ಣದಂತೆ ಬಿಳಿ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ನಾಲ್ಕು ವಾರ ಮಾತ್ರೆ ನುಂಗಿಸಿದೆವು. ಆರೋಗ್ಯವಾಗಿರುವಾಗ ನಿಮ್ಮ ನಾಯಿಯ ಒಸಡಿನ ಬಣ್ಣ ಹೇಗಿರುತ್ತದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಕೆಲವು ನಾಯಿಗಳಿಗೆ ಒಸಡೇ ಕಪ್ಪಿರುತ್ತದೆ, ಆಗ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ನಾಯಿಗೆ ವಿಷವಾಗಬಹುದು.

ಹಾಸಿಗೆ, ಗುಡುಗು

ಚಿಗರಿಯ ಹಾಸಿಗೆ ಕೌದಿ. ಅತ್ತೆ ಹಳೆ ಸೀರೆ ಕೂಡಿಸಿ ಹೊಲಿದದ್ದು. ಮಳೆಗಾಲಕ್ಕೆ ಕೌದಿ ದಪ್ಪ ಇರಬಾರದು, ಎರಡು ಪದರ ಸಾಕು, ಆದರೆ ಎರಡು ಕೌದಿ ಇರಲಿ. ನೆಲದ ಮೇಲೆ ನೇರ ಹಾಸಬೇಡಿ. ನಮ್ಮ ಹಳೆ ನೆಲದಲ್ಲಿ ಕೆಳಗಿನಿಂದಲೇ ತಂಪು ಏರುತ್ತದೆ. ಒಂದು ಹಲಗೆ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಕೌದಿ. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ ಒಣಗಿಸುತ್ತೇನೆ.

ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ಬರುವ ಹಸ್ತ, ಚಿತ್ತದ ಮಳೆ ಬೇರೆ ಥರ. ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು ಸಿಡಿಲು. ಮೊದಲ ಗುಡುಗಿಗೇ ಚಿಗರಿ ಮಷಿನ್ ಕೆಳಗೆ ನುಗ್ಗುತ್ತಾಳೆ. ನಾಯಿಯನ್ನು ಅದು ಹುಡುಕಿಕೊಂಡ ಜಾಗದಿಂದ ಎಳೆಯಬೇಡಿ. ಕಿಟಕಿ ಮುಚ್ಚಿ, ದೀಪ ಹಾಕಿ, ಹತ್ತಿರ ಇರಿ, ಅಷ್ಟು ಸಾಕು. ನನ್ನದು ಕಾಲಿನಿಂದ ತುಳಿಯುವ ಮಷಿನ್. ಚಕ್ರಕ್ಕೂ ಬೆಲ್ಟಿಗೂ ತಗಡಿನ ಮುಚ್ಚಿಗೆ ಹಾಕಿಸಿದ್ದೇನೆ, ಬಾಲ ಸಿಗದಂತೆ. ಗುಡುಗು ಜೋರಾದರೆ ದಾರ ತೆಗೆದು ಬರಿ ಮಷಿನ್ ತುಳಿಯುತ್ತೇನೆ. ಟಕಟಕಟಕ ಅನ್ನುವ ಆ ಒಂದೇ ಸಮನೆ ಸದ್ದು ಅವಳಿಗೆ ಮರಿಯಿದ್ದಾಗಿನಿಂದ ಗೊತ್ತು. ಹತ್ತು ನಿಮಿಷದಲ್ಲಿ ನಡುಕ ನಿಂತು ಗದ್ದ ನನ್ನ ಪಾದದ ಮೇಲೆ ಬರುತ್ತದೆ. ಆಗ ಕಾಲು ನಿಧಾನ ಮಾಡಬೇಕು, ಒಮ್ಮೆಲೇ ನಿಲ್ಲಿಸಿದರೆ ಎದ್ದುಬಿಡುತ್ತಾಳೆ.